ಮೀನು ಮುಟ್ಟದವರ ಮೀನಿನ ಡಬ್ಬಿ

ಹೋದ ತಿಂಗಳು ನನ್ನ ಮೊಮ್ಮಗಳು ವೇದಿಕೆ ಹತ್ತಿ ಐದು ನಿಮಿಷ ಕನ್ನಡದಲ್ಲಿ ಮಾತಾಡಿದಳು. ಪೂರಾ ಐದು ನಿಮಿಷ! ಮನೆಯಲ್ಲಿ ಊಟಕ್ಕೆ ಕರೆದರೆ ‘ವನ್ ಮಿನಿಟ್’ ಅನ್ನುವ ಹುಡುಗಿ, ದುಬೈಯ ಕನ್ನಡದವರೆಲ್ಲ ಸೇರಿದ್ದ ಸಭೆಯಲ್ಲಿ ಮೈಕಿನ ಮುಂದೆ ನಿಂತು ‘ನನಗೆ ಗೊತ್ತಿರುವ ಒಬ್ಬ ದೊಡ್ಡ ಮನುಷ್ಯ’ ಅಂತ ಶುರು ಮಾಡಿದಾಗ ನನ್ನ ಎದೆ ಎಷ್ಟು ಉಬ್ಬಿತೆಂದರೆ ರವಿಕೆಯ ಗುಂಡಿಗೇ ಹೆದರಿಕೆಯಾಗಿರಬೇಕು. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿನ ತೋಳು ಹಿಡಿದು “ಅದ್ ನಮ್ಮನಿ ಹೆಣ್ಣ್” ಅಂದೆ. ಎರಡು ಸಲ ಅಂದೆ. ಮೂರನೇ ಸಲ ಅನ್ನುವಷ್ಟರಲ್ಲಿ ಆಕೆ ಕುರ್ಚಿ ಬದಲಾಯಿಸಿದರು.

ಮೊಮ್ಮಗಳು ಮಾತಾಡಿದ್ದು ಮಿರ್ದಿಫ್‌ನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಧಾರವಾಡದವರೊಬ್ಬರ ಬಗ್ಗೆ. ನಿವೃತ್ತಿಯಾಗಿ ಊರಿಗೆ ಹೋಗಿ ಎರಡು ವರ್ಷವಾಯಿತು. ಅವರು ಹೇಗೆ ಚಿತ್ರ ಬರೆಯುತ್ತಿದ್ದರು, ಸಾವಿರ ವರ್ಷದ ಹಿಂದಿನ ಜನ ಏನು ತಿಂದರೆಂದು ಹೇಗೆ ಕಂಡುಹಿಡಿಯುತ್ತಿದ್ದರು, ಎಲ್ಲ ಸರಿಯಾಗಿ ಹೇಳಿದಳು. ಒಂದೇ ಒಂದು ವಿಷಯ ಬಿಟ್ಟಳು, ತಾನು ಮಾಡಿದ ಕಿತಾಪತಿ. ಬುದ್ಧಿವಂತೆ, ನನ್ನ ಹಾಗೆಯೇ. ಆದರೆ ಅದನ್ನು ಬಿಟ್ಟರೆ ಆ ಮನುಷ್ಯನ ಚಿತ್ರ ಅರ್ಧವೇ. ಉಳಿದರ್ಧ ನಾನು ಬರೆಯುತ್ತೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ಸೊಸೆ ತಿದ್ದಿದ್ದಾಳೆ.

ಅವರ ಹೆಸರು ಬರೆಯುವುದಿಲ್ಲ. ಅವರು ಮಗಳನ್ನು ಕೊಟ್ಟ ಮನೆಯವರು ಬಹಳ ಮಡಿವಂತರಂತೆ. ಬೀಗರಿಗೂ ಹೆಂಡತಿಗೂ ಹೇಳಿದ ಲೆಕ್ಕದಲ್ಲಿ ಇವರು ದುಬೈಯಲ್ಲಿ ಇಪ್ಪತ್ತೆರಡು ವರ್ಷ ಹಳೇ ಮಡಕೆ ಪರೀಕ್ಷೆ ಮಾಡಿದವರು. ಮಡಕೆಯಂತೆ, ಮಡಕೆ!

ಮೊಮ್ಮಗಳು ಮೂರು ವರ್ಷದವಳಿದ್ದಾಗ ಅವಳನ್ನು ನೋಡಿಕೊಳ್ಳಲು ನಾನು ಕುಂದಾಪುರದ ಕಡೆಯ ನಮ್ಮ ಊರಿನಿಂದ ಇಲ್ಲಿಗೆ ಬಂದೆ. ಊರಲ್ಲಿ ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಬರುವಾಗ ದೊಡ್ಡ ಪೆಟ್ಟಿಗೆಯಲ್ಲಿ ನನ್ನ ಮೆಟ್ಟುಕತ್ತಿಯನ್ನು ಸೀರೆಗೆ ಸುತ್ತಿ ತಂದಿದ್ದೆ. ಕಾಲಲ್ಲಿ ಮೆಟ್ಟಿ ಕೂತು ಮೀನು ಕೊಯ್ಯುವ ಆ ಕತ್ತಿ ಇಲ್ಲದೆ ನನಗೆ ಕೈ ಬರುವುದಿಲ್ಲ. ಇಲ್ಲಿ ಮಾರುಕಟ್ಟೆಯಲ್ಲೇ ಕೊಯ್ದು ಕೊಡುತ್ತಾರೆ, ಆದರೆ ಅವರು ಕೊಯ್ಯುವುದು ಮೀನಲ್ಲ, ಸೋಪು.

ಬಂದು ವಾರವಾಗಿತ್ತು. ಇಲ್ಲಿನವರು ಶೇರಿ ಅನ್ನುವ ಮೀನೊಂದನ್ನು ಕೊಯ್ಯುತ್ತ ಕೂತಿದ್ದೆ. ವಾಸನೆ ಹೋಗಲೆಂದು ಬಾಗಿಲು ತೆರೆದಿಟ್ಟಿದ್ದೆ. ಹೊಸ್ತಿಲಾಚೆ ಒಬ್ಬರು ಬಂದು ನಿಂತರು. ಬಿಳಿ ಮೀಸೆ, ಕನ್ನಡಕ ಹಣೆಯ ಮೇಲೆ, ಕರವಸ್ತ್ರ ಮೂಗಿನ ಮೇಲೆ. ಆಯಿತು, ಜಗಳಕ್ಕೆ ಬಂದರು ಅಂತ ನಾನು ಸೊಂಟ ಕಟ್ಟಿದೆ.

“ಅಮ್ಮಾರ,” ಅಂದರು, ಕರವಸ್ತ್ರದೊಳಗಿಂದ. “ಊಟಾ ಆದ ಮ್ಯಾಲ ಆ ಎಲುವು ಏನ್ ಮಾಡ್ತೀರಿ?”

“ಮೀನಿಗೆ ಎಲುಬ್ ಎಲ್ಲಿತ್ತ್ ಮಾರಾಯ್ರೆ? ಮುಳ್ಳ್. ಎಂತ ಮಾಡುದ್, ಬಿಸಾಡುದ್.”

“ಬಿಸಾಡಬ್ಯಾಡ್ರಿ. ನನಗ ಕೊಡ್ರಿ.”

ಪಾಪ ಅನಿಸಿತು. ತಿನ್ನದ ಜಾತಿಯಲ್ಲಿ ಹುಟ್ಟಿ ತಿನ್ನುವ ಆಸೆ ಇಟ್ಟುಕೊಂಡ ಗಂಡಸರನ್ನು ನಾನು ಎಷ್ಟು ಜನರನ್ನು ಕಂಡಿಲ್ಲ! ಬಾಯಿಬಿಟ್ಟು ಮೀನು ಕೇಳಲು ನಾಚಿಕೆ, ಅದಕ್ಕೆ ಮುಳ್ಳು ಕೇಳುತ್ತಾರೆ. ಮಧ್ಯಾಹ್ನ ಎರಡು ದಪ್ಪ ತುಂಡು ಹಾಕಿ ಗಸಿ ಮುಚ್ಚಿ ಕಳಿಸಿದೆ. ಹತ್ತು ನಿಮಿಷದಲ್ಲಿ ತಟ್ಟೆ ಹಾಗೇ ವಾಪಸ್ ಬಂತು. ತಂದವರು ಅವರೇ. ತಟ್ಟೆಯನ್ನು ಎಷ್ಟು ದೂರ ಹಿಡಿದಿದ್ದರೆಂದರೆ ತೋಳು ಇನ್ನೊಂದು ಗೇಣು ಉದ್ದ ಇದ್ದರೆ ಅಷ್ಟೂ ಚಾಚುತ್ತಿದ್ದರು. ಮುಖ ಹಸಿರು.

“ಬರೇ ಎಲುವು ರೀ, ಅಮ್ಮಾರ. ಒಳಗಿಂದು. ಹೊರಗಿಂದು ನೀವ ತಿನ್ರಿ.”

ಆಮೇಲೆ ಅವರ ಕೆಲಸ ಏನೆಂದು ತಿಳಿಯಿತು. ಹಳೇ ಕಾಲದವರು ಬದುಕಿದ ಜಾಗ ಅಗೆದು ನೋಡುವ ಕಚೇರಿ. ಇವರು ಚಿತ್ರ ಬರೆಯಲು ಸೇರಿಕೊಂಡವರು; ಅಲ್ಲಿ ಮೀನಿನ ಮುಳ್ಳು ನೋಡುತ್ತಿದ್ದ ಮನುಷ್ಯ ಮೊದಲ ವರ್ಷವೇ ಬಿಟ್ಟು ಹೋದದ್ದರಿಂದ ಆ ಕೆಲಸವೂ ಇವರ ತಲೆಗೆ ಬಂತು. ಅಬುಧಾಬಿ ಕಡೆಯ ಕಡಲ ಕರೆಯಲ್ಲಿ ಸಾವಿರ ವರ್ಷದ ಹಿಂದೆ ಒಂದು ಸಣ್ಣ ಊರಿತ್ತಂತೆ. ಹವಳದ ಕಲ್ಲಿನ ಗೋಡೆ, ಖರ್ಜೂರದ ಗರಿಯ ಮಾಡು. ಊರು ಹೋಯಿತು, ತಿಪ್ಪೆ ಉಳಿಯಿತು. ತಿಪ್ಪೆ ತುಂಬ ಮೀನಿನ ಮುಳ್ಳು, ಚಿಪ್ಪು, ಬೂದಿ. ಹಳೇ ಮುಳ್ಳು ಯಾವ ಮೀನಿನದೆಂದು ತಿಳಿಯಲು ಪಕ್ಕದಲ್ಲಿ ಇವತ್ತಿನ ಮೀನಿನ ಮುಳ್ಳು ಇಟ್ಟು ನೋಡಬೇಕು. ತಾವೇ ಮೀನು ತಂದು ಮಾಂಸ ಬಿಡಿಸಲು ಹೋಗಿ ಒಂದು ಸಲ ಅಡುಗೆಮನೆಯಲ್ಲೇ ತಲೆ ತಿರುಗಿ ಬಿದ್ದಿದ್ದರಂತೆ.

“ನೀವು ತಿಂದ ಸ್ವಚ್ಛ ಮಾಡಿದ್ರ ನನ್ನ ಅರ್ಧಾ ಕೆಲಸಾ ಮುಗೀತ್ರಿ” ಅಂದರು.

ಅಲ್ಲಿಗೆ ನಮ್ಮ ಮನೆಯ ಊಟದ ಪದ್ಧತಿಯೇ ಬದಲಾಯಿತು. ನನ್ನ ಮಗನಿಗೆ ಮೀನಿನ ಮುಳ್ಳನ್ನು ಕಟಕಟ ಅಗಿದು ಚೀಪುವ ಚಟ. “ಅಗಿಬೇಡದಾ, ಎದ್ರ್ ಮನಿಯವ್ರಿಗ್ ಬೇಕ್!” ಅಂತ ಕಿರುಚುವುದು ನನ್ನ ಕೆಲಸ. ತನ್ನ ಮನೆಯಲ್ಲೇ ತನಗೆ ಸ್ವಾತಂತ್ರ್ಯ ಇಲ್ಲ ಅಂತ ಅವನ ಗೊಣಗಾಟ. ಸೊಸೆ ಮಾತ್ರ ತಟ್ಟೆಯ ಅಂಚಿನಲ್ಲಿ ಮುಳ್ಳನ್ನು ಸಾಲಾಗಿ ಜೋಡಿಸಿಡುತ್ತಿದ್ದಳು, ಪರೀಕ್ಷೆಗೆ ಕೂತವಳ ಹಾಗೆ.

ನಾವು ಕೊಟ್ಟದ್ದನ್ನು ಅವರು ಬಾಲ್ಕನಿಯಲ್ಲಿ ಹೂವಿನ ಕುಂಡಗಳ ಮರಳಲ್ಲಿ ಹೂತಿಡುತ್ತಿದ್ದರು. ಉಳಿದ ಜಿಡ್ಡು, ಚೂರುಪಾರು ಎಲ್ಲ ಹುಳ ತಿಂದು ಹೋಗಲೆಂದು. ಪ್ರತಿ ಕುಂಡಕ್ಕೂ ಒಂದು ಕಡ್ಡಿ, ಕಡ್ಡಿಗೆ ಮೀನಿನ ಹೆಸರು: ಹಮೂರ್, ಶೇರಿ, ಬಂಗುಡೆ, ಅಂಜಲ್. ಕಟ್ಟಡದ ಕಾವಲಿನವ ಒಮ್ಮೆ ಕೆಳಗಿನಿಂದ ಕೂಗಿ ಯಾವ ಗಿಡವೆಂದು ಕೇಳಿದ. “ಹಮೂರ್” ಅಂದರು ಇವರು. “ಹಣ್ಣು ಯಾವಾಗ?” ಅಂದ ಅವನು. “ಆರ ತಿಂಗಳು ಬೇಕಪ್ಪ” ಅಂದರು, ಮುಖದ ಒಂದು ಗೆರೆ ಅಲುಗಿಸದೆ. ನನಗೆ ಅವರು ಇಷ್ಟವಾದದ್ದು ಆವತ್ತು.

ನಾನೂ ಬಿಡಲಿಲ್ಲ. ಕಡಲ ಮುಖ ಕಾಣದ ಊರಿನವರು ನನಗೆ ಮೀನು ಕಲಿಸುವುದೆಂದರೆ! ಒಂದು ದಿನ ಮುಳ್ಳಿನ ಜೊತೆ ತೊಳೆದ ಕೋಳಿಯ ಎಲುಬೊಂದನ್ನು ಸೇರಿಸಿ ಕೊಟ್ಟೆ. ಸಂಜೆ ಬಾಗಿಲು ತಟ್ಟಿದರು. ಎರಡು ಬೆರಳಲ್ಲಿ ಅದನ್ನು ಹಿಡಿದು, “ಅಮ್ಮಾರ, ಇದು ಈಜೂದಲ್ರಿ, ಕೂಗೂದು” ಅಂದರು. ಇನ್ನೊಮ್ಮೆ ನಾನು ಕಣ್ಣು ಮುಚ್ಚಿ ಅವರ ಮೇಜಿನ ಮೇಲಿದ್ದ ಐದು ಮುಳ್ಳುಗಳನ್ನು ಮುಟ್ಟಿ ಐದಕ್ಕೂ ಹೆಸರು ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ಕೈ ಮುಗಿದರು. ನಾಲ್ಕು ಗೊತ್ತಿತ್ತು, ಒಂದು ಸುಮ್ಮನೆ ಹೇಳಿದ್ದು. ಅದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ಮುಳ್ಳು ಹಾಕಿಡಲು ಸಣ್ಣ ಸಣ್ಣ ಬಟ್ಟೆ ಚೀಲಗಳನ್ನು ಸತ್ವಾ ಪೇಟೆಯ ಒಬ್ಬ ದರ್ಜಿಯಿಂದ ಹೊಲಿಸುತ್ತಿದ್ದರು. ಬಸ್ಸು ಹಿಡಿದು ತಾವೇ ಹೋಗುವುದು, ಬಟ್ಟೆ ತಾವೇ ಆರಿಸುವುದು. ದೊಡ್ಡ ಮೀನಿಗೆ ಬಿಳಿ, ಸಣ್ಣ ಮೀನಿಗೆ ಚುಕ್ಕಿ. ಏನು ವ್ಯಾಪಾರ ಅಂತ ದರ್ಜಿ ಕೇಳಿದ್ದಕ್ಕೆ ‘ಮಸಾಲೆ’ ಅಂದುಬಿಟ್ಟಿದ್ದರಂತೆ. ಆಮೇಲೆ ಪ್ರತಿ ಸಲ ಅವನು ತನಗೊಂದು ಪೊಟ್ಟಣ ಕೇಳುವುದು, ಇವರು ಅಂಗಡಿಯಲ್ಲಿ ಗರಂ ಮಸಾಲೆ ಕೊಂಡು ತಮ್ಮ ಚೀಲಕ್ಕೆ ತುಂಬಿ ಕೊಡುವುದು. ಒಂದು ಸುಳ್ಳು ಹೇಳಿದರೆ ಅದನ್ನು ಅಷ್ಟು ಮರ್ಯಾದೆಯಿಂದ ಸಾಕಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

“ಅರಮನಿ ಸುಳ್ಳ ಹೇಳ್ತಾವ್ರಿ, ತಿಪ್ಪಿ ಸುಳ್ಳ ಹೇಳೂದಿಲ್ಲ” ಅನ್ನುತ್ತಿದ್ದರು. ರಾಜ ತಾನು ಏನು ಗೆದ್ದೆ ಅಂತ ಕಲ್ಲಿನ ಮೇಲೆ ಬರೆಸುತ್ತಾನೆ. ಅವನ ಊರಿನವರು ಆವತ್ತು ಏನು ಉಂಡರು ಅಂತ ತಿಪ್ಪೆ ಬರೆದಿಟ್ಟುಕೊಳ್ಳುತ್ತದೆ.

ಒಂದು ಸಲ ಅವರಿಗೆ ತಲೆಬಿಸಿ. ಆ ಹಳೇ ಊರಲ್ಲಿ ಮನೆಗಳಿಂದ ದೂರ, ತೋಟ ಇದ್ದ ಜಾಗದಲ್ಲಿ ಚಿಕ್ಕ ಚಿಕ್ಕ ಮೀನಿನ ಮುಳ್ಳು ರಾಶಿ ರಾಶಿ ಸಿಕ್ಕಿತ್ತು. ಒಲೆ ಇಲ್ಲ, ಬೂದಿ ಇಲ್ಲ. ಅಲ್ಲಿ ಕೂತು ಯಾರು ತಿಂದರು? ತಿಂಗಳಿಂದ ಅದನ್ನೇ ಯೋಚಿಸುತ್ತಿದ್ದರಂತೆ. ನಾನು ಬೆಂಡೆಕಾಯಿ ಹೆಚ್ಚುತ್ತ ಕೇಳಿದೆ:

“ಅಲ್ಲಿ ಖರ್ಜೂರದ ಮರ ಇತ್ತಾ?”

“ಇದ್ದಿರಬೇಕ್ರಿ. ಬೇರಿನ ಗುರುತು ಅದಾವ.”

“ಹಾಂಗಾರೆ ತಿಂದದ್ ಮರ. ನಮ್ಮಲ್ಲಿ ಬೈಗೆ ಮೀನ್, ಅದೇ ಬೂತಾಯಿ, ರಾಶಿ ಬಿದ್ದ್ ಯಾರಿಗೂ ಬೇಡ ಆದ್ರೆ ತೆಂಗಿನ್ ಬುಡಕ್ಕೆ ಹಾಕ್ತ್ರ್. ಕಾಯಿ ಕಾಣ್ಕ್ ನೀವ್, ಇಷ್ಟ್ ದಪ್ಪ!”

ಅವರು ಎದ್ದರು, ಕೂತರು, ಮತ್ತೆ ಎದ್ದರು. “ಅಯ್ಯ ನನ್ನ ತಲಿ!” ಅಂತ ಹಣೆ ಬಡಿದುಕೊಂಡರು. ಕನ್ನಡಕ ಅಲ್ಲೇ ಇತ್ತು, ಒಂದು ಗಾಜು ಒಡೆಯಿತು. ಒಡೆದ ಕನ್ನಡಕದಲ್ಲೇ ವಾರವಿಡೀ ಬರೆದರು. ಕಡಲು ಹೆಚ್ಚು ಕೊಟ್ಟದ್ದನ್ನು ಆ ಜನ ನೆಲಕ್ಕೆ ಉಣಿಸಿದರು ಅಂತ. ಬರೆದದ್ದನ್ನು ನನಗೆ ಓದಿ ಹೇಳಿದರು. ಕೆಳಗೆ ‘ಒಬ್ಬ ಅನುಭವಿ ಮೀನುಗಾರ್ತಿಯ ಸೂಚನೆ’ ಅಂತಲೂ ಇತ್ತು. ಬೆಂಡೆಕಾಯಿ ಇರಲಿಲ್ಲ.

ಆ ತಿಪ್ಪೆಯ ಇನ್ನೊಂದು ಸುದ್ದಿ ಹೇಳುವಾಗ ಮಾತ್ರ ಅವರು ನಗುತ್ತಿರಲಿಲ್ಲ. ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ನನ್ನ ಗೇಣುದ್ದದ ಹಮೂರಿನ ದವಡೆ. ಮೇಲೆ ಮೇಲೆ ಬಂದ ಹಾಗೆ ದವಡೆ ಚಿಕ್ಕದು. ಎಲ್ಲಕ್ಕಿಂತ ಮೇಲೆ ಹೆಬ್ಬೆರಳಿನಷ್ಟು. “ದೊಡ್ಡದ್ದ ಮುಗಿಸಿ ಸಣ್ಣದಕ್ಕ ಬಂದ್ರು. ಆಮ್ಯಾಲ ಚಿಪ್ಪ ಕೆದರಿದ್ರು. ನೂರ ವರ್ಷ ಹಿಡೀತು. ಒಬ್ಬರಿಗೂ ತಮ್ಮ ಜೀವಮಾನದಾಗ ಗೊತ್ತಾಗಿರೂದಿಲ್ರಿ” ಅಂದರು. ನಾನೂ ಊರಲ್ಲಿ ನನ್ನ ಬುಟ್ಟಿಯ ಬಂಗುಡೆ ವರ್ಷ ವರ್ಷ ಸಣ್ಣದಾದದ್ದನ್ನು ಕಂಡವಳು. ನನಗೆ ನೂರು ವರ್ಷ ಬೇಕಾಗಿರಲಿಲ್ಲ. ಎದ್ದು ಚಹಾ ಮಾಡಿಕೊಟ್ಟೆ.

ಈಗ ಕಿತಾಪತಿಗೆ ಬರುತ್ತೇನೆ.

ಅವರು ನಿವೃತ್ತಿಯಾಗುವ ತಿಂಗಳು. ಆ ತಿಪ್ಪೆಯ ಕೊನೆಯ ಚಿತ್ರಗಳು ಬಾಕಿ ಇದ್ದವು. ಒಂದು ಡಬ್ಬಿ ಹಳೇ ಮುಳ್ಳನ್ನು ಕಚೇರಿಯಲ್ಲಿ ಕೇಳಿ, ಸಹಿ ಹಾಕಿ ಮನೆಗೆ ತಂದಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಚೀಟಿ: ನೂರ ಹದಿನಾಲ್ಕು ತುಂಡು. ಸೋಮವಾರ ಬೆಳಿಗ್ಗೆ ಅಷ್ಟೂ ವಾಪಸ್ ಹೋಗಬೇಕು. ಆದಿತ್ಯವಾರ ಮಧ್ಯಾಹ್ನ ಚಿತ್ರ ಮುಗಿಸಿ, ಕೊನೆಯ ಕಂತಿನ ಚೀಲ ತರಲು ಸತ್ವಾಕ್ಕೆ ಹೊರಟರು. ಬಾಲ್ಕನಿಯಲ್ಲಿ ಕುಂಡದಿಂದ ತೆಗೆದು ಒಣಗಲು ಹಾಕಿದ್ದ ನಮ್ಮ ಮನೆಯ ಮುಳ್ಳನ್ನು ಮಗುಚಿ ಹಾಕಲು ನನ್ನ ಕೈಗೆ ಕೀಲಿ ಕೊಟ್ಟು ಹೋದರು. ಮೊಮ್ಮಗಳು ನನ್ನ ಜೊತೆ. ಆಗ ಅವಳಿಗೆ ಐದು.

ಬಾಲ್ಕನಿಯಲ್ಲಿ ನಿಂತಿದ್ದಾಗ ಊರಿನಿಂದ ತಂಗಿಯ ಫೋನು ಬಂತು. ಅವಳ ಸೊಸೆ ಬಂಗುಡೆಗೆ ಟೊಮೆಟೊ ಹಾಕಿದಳಂತೆ! ಅಂಥ ಸುದ್ದಿಯನ್ನು ಎರಡು ಮಾತಲ್ಲಿ ಮುಗಿಸಲಾಗುತ್ತದೆಯೇ? ತಲೆಯ ಮೇಲೆ ವಿಮಾನ ಹೋದಾಗೆಲ್ಲ ಮಾತು ನಿಲ್ಲಿಸಿ, ಹೋದ ಮೇಲೆ ಮತ್ತೆ ಮೊದಲಿನಿಂದ ಶುರು. ಒಣಗಿದ ತಟ್ಟೆ ಯಾವಾಗ ಒಳಗೆ ಹೋಯಿತೋ ನನಗೆ ಗೊತ್ತಿಲ್ಲ. ತಿರುಗಿ ನೋಡಿದರೆ ಮೊಮ್ಮಗಳು ಅವರ ದೊಡ್ಡ ಸ್ಟೀಲಿನ ಪಾತ್ರೆಯನ್ನು ಕಾಲ ನಡುವೆ ಇಟ್ಟುಕೊಂಡು ಸೌಟಿನಿಂದ ಕಲಸುತ್ತಿದ್ದಾಳೆ. ಪಾತ್ರೆಯಲ್ಲಿ ಡಬ್ಬಿಯದ್ದೂ ಇದೆ, ತಟ್ಟೆಯದ್ದೂ ಇದೆ.

“ಅಮ್ಮಮ್ಮ, ಐ ಮೇಡ್ ಬಿರಿಯಾನಿ!”

ಅಬ್ಯಾ! ಸೌಟು ಕಸಿದುಕೊಂಡೆ. ಬಣ್ಣ ನೋಡಿ ಆರಿಸೋಣವೆಂದರೆ ಆರು ತಿಂಗಳು ಮಣ್ಣಲ್ಲಿದ್ದ ನಮ್ಮದೂ ಹಳದಿ, ಅದೂ ಹಳದಿ. ಮೂಸಿದೆ, ಎಲ್ಲಕ್ಕೂ ಕುಂಡದ ವಾಸನೆ. ಮೀನಿನ ಹೆಸರು ಹೇಳಬಲ್ಲೆ, ಆದರೆ ಸಾವಿರ ವರ್ಷದ ಹಿಂದಿನವರೂ ತಿಂದದ್ದು ಶೇರಿಯೇ, ನಾವೂ ತಿಂದದ್ದು ಶೇರಿಯೇ. ಓಡಿಹೋಗಿ ಬಿಡೋಣವೇ ಅಂತಲೂ ಅನಿಸಿತು. ಮಿರ್ದಿಫ್‌ನಿಂದ ಎಲ್ಲಿಗೆ ಓಡುವುದು?

ಅವರು ಬಂದರು. ಪಾತ್ರೆ ನೋಡಿದರು. ಚೀಲದ ಗಂಟನ್ನು ಕುರ್ಚಿಯ ಮೇಲಿಟ್ಟು ತಾವು ನೆಲದ ಮೇಲೆ ಕೂತರು. ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

“ಇಪ್ಪತ್ತೆರಡ ವರ್ಷ ಒಂದ ತುಣುಕು ಕಳದಿಲ್ರಿ ನಾನು” ಅಂದರು. “ನಾಳೆ ಇದನ್ನ ಹಿಂಗ ಕೊಟ್ರ, ನಾನು ಹಿಂದ ಬರದದ್ದೆಲ್ಲಾ ಸುಳ್ಳ ಅಂತಾರ. ಅನ್ನಾಕ ಬೇಕ.”

“ನನ್ದೇ ತಪ್ಪ್. ನಾನ್ ಬಂದ್ ಹೇಳ್ತೆ ನಿಮ್ಮ ಆಪೀಸಿಗೆ.”

“ನೀವೇನ್ ಹೇಳ್ತೀರಿ, ಟೊಮೆಟೊ ಕಥೀನ?” ನನ್ನ ಮಾತು ಕೆಳಗೆ ಬಸ್ ನಿಲ್ದಾಣದವರೆಗೂ ಕೇಳಿಸಿತ್ತಂತೆ.

ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಒಂದ ದಾರಿ ಐತಿ. ನಾಲಿಗಿ” ಅಂದರು.

ಸಾವಿರ ವರ್ಷ ಮಣ್ಣಲ್ಲಿದ್ದ ಎಲುಬಿನೊಳಗಿನ ಸತ್ವವೆಲ್ಲ ಹೋಗಿ ಅದು ಒಣ ಹೆಂಚಿನ ಹಾಗಾಗುತ್ತದಂತೆ. ನಾಲಿಗೆಗೆ ಇಟ್ಟರೆ ಪಚಕ್ಕನೆ ಅಂಟಿಕೊಳ್ಳುತ್ತದೆ. ಹೊಸದು ಅಂಟುವುದಿಲ್ಲ, ಜಾರುತ್ತದೆ. ಅಗೆಯುವ ಜಾಗದಲ್ಲಿ ಹುಡುಗರೆಲ್ಲ ಹಾಗೆಯೇ ನೋಡುತ್ತಾರಂತೆ.

“ನೀವೂ ಹಾಂಗೇ ಕಾಂಬುದಾ?”

“ನಾನು ಇಪ್ಪತ್ತೆರಡ ವರ್ಷ ಬ್ಯಾರೇದವ್ರ ನಾಲಿಗಿ ಮ್ಯಾಲ ಕೆಲಸಾ ಮಾಡೇನ್ರಿ.”

ನಗು ಬಂತು, ನುಂಗಿದೆ. “ಕೊಡಿ ಇಲ್ಲಿ, ನಾನ್ ನೆಕ್ತೆ. ನಂಗೆಂತ, ದಿನಾ ನೆಕ್ಕುದೇ” ಅಂದೆ.

“ಬ್ಯಾಡ್ರಿ. ಸಹಿ ನಂದು” ಅಂದರು.

ಎದ್ದು ಹೋಗಿ ಬಾಯಿ ಮುಕ್ಕಳಿಸಿದರು. ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು. ಕರವಸ್ತ್ರ ಹಾಸಿ ಅದರ ಮೇಲೆ ಪಾತ್ರೆ ಇಟ್ಟು, ಮೊದಲನೆಯದನ್ನು ಎತ್ತಿ, ಕಣ್ಣು ಮುಚ್ಚಿ, ಮಗು ಕಷಾಯಕ್ಕೆ ಚಾಚುವ ಹಾಗೆ ನಾಲಿಗೆ ಚಾಚಿದರು. ಅಂಟಿತು. ಡಬ್ಬಿಗೆ. ಎರಡನೆಯದು ಅಂಟಿತು. ಮೂರನೆಯದು ಜಾರಿತು, ಅಂದರೆ ಅದು ನಾವು ಉಂಡು ಬಿಟ್ಟ ಹಮೂರು. ಆ ಮನುಷ್ಯನ ಮೈಯಿಡೀ ಒಂದು ಸಲ ನಡುಗಿತು. “ಶಿವಾ” ಅಂದರು. ನಮ್ಮ ಮನೆಯ ಮುಳ್ಳು ಬಂದಾಗಲೆಲ್ಲ ಒಂದು ಶಿವಾ. ಹಳೆಯದಕ್ಕೆ ಇಲ್ಲ. ಹಳೆಯದು ಕಲ್ಲು ರೀ, ಅದಕ್ಕೆ ಮೈಲಿಗೆ ಇಲ್ಲ ಅಂತ ನಡುವೆ ನನಗೆ ತಿಳಿಸಿ ಹೇಳಿದರು. ನನ್ನ ಲೆಕ್ಕದಲ್ಲಿ ಮೊದಲ ಗಂಟೆಯಲ್ಲೇ ಮೂವತ್ತು ಶಿವಾ ದಾಟಿತ್ತು.

ಹಾಗೆ ಕೂತಿರುವಾಗ ಅವರ ಫೋನು ಹೊಡೆದುಕೊಂಡಿತು. ಧಾರವಾಡದಿಂದ ಹೆಂಡತಿ, ಮುಖ ಕಾಣುವ ಕರೆ. ಇವರ ನಾಲಿಗೆಯ ಮೇಲೆ ಒಂದು ಮುಳ್ಳು ಅಂಟಿಕೊಂಡಿದೆ, ಬೇಡ ಬೇಡ ಅಂತ ಕೈ ಆಡಿಸುತ್ತಿದ್ದಾರೆ. ಮೊಮ್ಮಗಳಿಗೆ ಅಷ್ಟು ಸಾಕಿತ್ತು. ಒತ್ತಿ, ಫೋನನ್ನು ಅವರ ಮುಖಕ್ಕೇ ಹಿಡಿದು, “ಆಂಟಿ, ಅಂಕಲ್ ಈಸ್ ಈಟಿಂಗ್ ಫಿಶ್!” ಅಂದಳು.

ಇವರು ನಾಲಿಗೆ ಒಳಗೆ ಎಳೆದುಕೊಳ್ಳಲೂ ಆಗದೆ, ಹೊರಗೆ ಬಿಡಲೂ ಆಗದೆ, ಅರ್ಧದಲ್ಲಿ.

“ಉಪ್ಪು ಬರಾಬರಿ ಐತೇನ ಕೇಳವ್ವ ಅವರನ್ನ” ಅಂದರು ಆ ತಾಯಿ.

ಇವರು ಮುಳ್ಳು ಬಿಡಿಸಿಕೊಂಡು, “ಅಲ್ಲ... ಇದು... ಮಡಿಕಿ ಚೂರು” ಅಂದರು.

“ವರ್ಷಾ ರಜಾಕ್ಕ ಬಂದಾಗ ನಿಮ್ಮ ಬಟ್ಟಿ ತೊಳಿಯಾಕಿ ಯಾರು? ಮಡಿಕಿ ಹಂಗ ನಾರ್ತಾವೇನ್ರಿ? ಮದಲನೇ ವರ್ಷಾನ ಗೊತ್ತಿತ್ತು ನನಗ. ನೀವ ಹೇಳ್ತೀರಂತ ಸುಮ್ನ ಇದ್ದೆ. ಇಪ್ಪತ್ತೆರಡ ವರ್ಷ ಆತು. ಕೆಲಸಾ ಮುಗಿಸಿ ಬಾಯಿ ತೊಳಕೊಂಡ ಫೋನ್ ಮಾಡ್ರಿ.” ಕರೆ ಕಡಿಯಿತು.

ಅವರು ಫೋನನ್ನೇ ನೋಡಿದರು. ಆಮೇಲೆ ನಕ್ಕರು ನೋಡಿ, ಮೀಸೆ ಒದ್ದೆಯಾಗುವಷ್ಟು. ನಾನೂ ನಕ್ಕೆ, ನುಂಗಿದ್ದೆಲ್ಲ ಹೊರಗೆ ಬಂತು. ಏಕೆಂದು ಗೊತ್ತಿಲ್ಲದೆ ಮೊಮ್ಮಗಳೂ ಕುಣಿದಳು. ಅಲ್ಲಿಂದ ಮುಂದೆ ಶಿವಾ ನಿಂತಿತು, ಕೆಲಸ ಓಡಿತು.

ಬಿಸಿಲು ಇಳಿಯುವ ಹೊತ್ತಿಗೆ ಪಾತ್ರೆ ಖಾಲಿ. ಡಬ್ಬಿಯದ್ದನ್ನು ಎಣಿಸಿದರು. ನೂರ ಹದಿಮೂರು. ಮತ್ತೆ ಎಣಿಸಿದರು, ನಾನೂ ಎಣಿಸಿದೆ. ನೂರ ಹದಿಮೂರು. ನೆಲ ಗುಡಿಸಿದೆವು, ಸೋಫಾ ಎತ್ತಿದೆವು, ಮೊಮ್ಮಗಳ ಜೇಬು ನೋಡಿದೆವು, ಬಾಯಿಯನ್ನೂ ನೋಡಿದೆವು.

“ನಿಮ್ಮ ರಾಶಿಯೊಳಗ ಐತ್ರಿ” ಅಂದರು. “ಒಂದನ್ನ ನಾನು ನಾಲಿಗಿಗೆ ಇಡೂಕಿಂತ ಮದಲ ನೀವು ಕಸಕೊಂಡ್ರಿ. ‘ಇದ್ ನಂದೇ’ ಅಂದ್ರಿ.”

ನಿಜ. ಕಿವಿರಿನ ಹಿಂದೆ ಬಿಲ್ಲಿನ ಹಾಗೆ ಬಾಗಿದ ಒಂದು ಮುಳ್ಳಿರುತ್ತದಲ್ಲ, ಅದು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು. ಅದರ ಮೇಲೆ ನನ್ನ ಕತ್ತಿಯ ಗೀರು ಇತ್ತು.

ಈ ಗೀರಿನ ಗುಟ್ಟನ್ನು ಹೇಳಲೇಬೇಕು. ನಮ್ಮ ಕಡೆ ದೊಡ್ಡ ಮೀನು ಬಂದರೆ ಒಳ್ಳೇ ತುಂಡೆಲ್ಲ ಮಾರಾಟಕ್ಕೆ, ಉಳಿದದ್ದು ಗಂಡಸರ ತಟ್ಟೆಗೆ. ಕೊಯ್ದವಳಿಗೆ ತಲೆ. ಅದಕ್ಕೆ ನನ್ನ ಅತ್ತೆ ನನಗೆ ಒಂದು ವಿದ್ಯೆ ಕಲಿಸಿದ್ದರು. ತಲೆಯನ್ನು ನೇರ ಕೊಯ್ಯಬಾರದು. ಕಿವಿರಿನ ಹಿಂದಿನಿಂದ ಓರೆಯಾಗಿ ಹಿಂದಕ್ಕೆ ಎಳೆದು ಕೊಯ್ಯಬೇಕು. ಆಗ ಹೆಗಲಿನ ಒಂದು ಹಿಡಿ ಮಾಂಸ ತಲೆಯ ಜೊತೆಗೇ ಬರುತ್ತದೆ. ಗಂಡಸರ ಕಣ್ಣಿಗೆ ಅದು ಬರೀ ತಲೆ. ನಲವತ್ತು ವರ್ಷ ನನ್ನ ಗಂಡನಿಗೆ ಗೊತ್ತಾಗಲಿಲ್ಲ, ನನ್ನ ಮಗನಿಗೆ ಇದನ್ನು ಓದಿದರೆ ಗೊತ್ತಾಗುತ್ತದೆ.

“ಕಾಣಿ,” ಅಂದೆ, ಮುಳ್ಳನ್ನು ಬೆಳಕಿಗೆ ಹಿಡಿದು. “ಓರೆ ಗೀರ್. ಇದ್ ನಮ್ಮತ್ತಿ ಕಲ್ಸದ್ದ್. ಈ ದುಬೈಯಂಗೆ ಹೀಂಗ್ ಕೊಯ್ವರ್ ನಾನೊಬ್ಳೇ. ಇದ್ ನಿಮ್ದ್ ಅಪ್ಪೂಕೆ ಸಾಧ್ಯವೇ ಇಲ್ಲೆ.”

“ಹಂಗಾರ ನೀವ ಇಟ್ಟ ನೋಡ್ರಿ.”

“ಈಗ ಸಹಿ ಯಾರದ್ದಂಬ್ರ್?”

“ಈ ಒಂದಕ್ಕ ನಿಮ್ದ” ಅಂದರು.

ಜಾರುತ್ತದೆ ಅನ್ನುವ ಧೈರ್ಯದಲ್ಲಿ ಇಟ್ಟೆ. ಪಚಕ್ ಅಂತ ಹಿಡಿಯಿತು. ಎಳೆದರೆ ನಾಲಿಗೆಯ ತುದಿಯೂ ಜೊತೆಗೆ ಬಂತು. ಒಣ ಮಣ್ಣಿನ ರುಚಿ.

ಬಿಡಿಸಿಕೊಂಡು ಮತ್ತೆ ಆ ಗೀರು ನೋಡಿದೆ. ಅದೇ ಓರೆ. ಅದೇ ಜಾಗ. ಸಾವಿರ ವರ್ಷದ ಹಿಂದೆ ಈ ಕಡಲ ಕರೆಯಲ್ಲಿ ಯಾವಳೋ ಒಬ್ಬಳು ಕುಕ್ಕರುಗಾಲಲ್ಲಿ ಕೂತು, ಮನೆಯವರು ಅತ್ತ ತಿರುಗಿದಾಗ ಕತ್ತಿಯನ್ನು ಒಂದು ಎಳೆ ಹಿಂದಕ್ಕೆ ಎಳೆದಿದ್ದಳು. ಕಳ್ಳಿ! ನನಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು.

“ತಕಣಿ ಮಾರಾಯ್ರೆ” ಅಂತ ಅವರ ಅಂಗೈಗೆ ಹಾಕಿದೆ. “ನಿಮ್ದೇ.”

“ನಂದಲ್ರಿ, ಅಮ್ಮಾರ. ಆಕಿದು” ಅಂದರು. ಅದನ್ನು ಡಬ್ಬಿಯಲ್ಲಿಟ್ಟು, ನೂರ ಹದಿನಾಲ್ಕು ಅಂತ ಗಟ್ಟಿಯಾಗಿ ಹೇಳಿ, ಮುಚ್ಚಳ ಹಾಕಿದರು.